ಎಲ್1 ಮುರಿತ, ಪ್ಲಾಸ್ಟರ್ ಹಾಕಿದ ಬಲಗೈ: ರೆಡಿಮೇಡ್ ಬ್ರೇಸ್ ಆರಿಸಿದ ಒಂದು ಪ್ರಕರಣ

64 ವರ್ಷದ ಮಹಿಳೆ. ಮನೆಯೊಳಗೆ ಗಿಡ್ಡ ಏಣಿಯ ಎರಡನೇ ಮೆಟ್ಟಿಲಿನಿಂದ ಜಾರಿ, ಕುಳಿತ ಭಂಗಿಯಲ್ಲೇ ನೆಲಕ್ಕೆ ಕುಸಿದರು. ಬೀಳುವಾಗ ಕೈ ಊರಿದ್ದರಿಂದ ಬಲಗೈಯ ಮಣಿಕಟ್ಟೂ ಮುರಿಯಿತು. ತುರ್ತು ವಿಭಾಗದಲ್ಲಿ ಕೈಗೆ ಪ್ಲಾಸ್ಟರ್ ಹಾಕಿದರು. ಬೆನ್ನಿನ ನೋವಿಗೆಂದು ತೆಗೆದ ಎಕ್ಸ್-ರೇ ಮತ್ತು ಸಿಟಿಯಲ್ಲಿ ಎಲ್1, ಅಂದರೆ ಸೊಂಟದ ಬೆನ್ನುಮೂಳೆಯ ಮೊದಲ ಕಶೇರುಕದ ಮೇಲ್ತಟ್ಟೆ ಒಡೆದಿರುವುದು, ಹಿಂಗೋಡೆಯ ಒಂದು ಚೂರು ನರನಾಳದ ಕಡೆಗೆ ತುಸು ಸರಿದಿರುವುದು ಕಂಡಿತು. ಅದು ಬರ್ಸ್ಟ್ ಫ್ರ್ಯಾಕ್ಚರ್, ಅಂದರೆ ಕಶೇರುಕದ ಹಿಂಗೋಡೆಯೂ ಒಡೆದ ಮುರಿತ. ಬೆನ್ನುಮೂಳೆಯ ಮುರಿತಗಳನ್ನು ವಿಂಗಡಿಸುವ ಎಒ ವರ್ಗೀಕರಣದಲ್ಲಿ ಎ3. ಕಾಲಿನ ಬಲ, ಚರ್ಮದ ಸ್ಪರ್ಶ, ಮಲಮೂತ್ರದ ಹಿಡಿತ ಎಲ್ಲವೂ ಸರಿಯಾಗಿದ್ದವು. ಬೆನ್ನಿನ ಹಿಂಬದಿಯ ಅಸ್ಥಿರಜ್ಜುಗಳಿಗೆ ಪೆಟ್ಟಾಗಿಲ್ಲ ಎಂದು ಎಂಆರ್‌ಐ ತೋರಿಸಿತು. ಮರುದಿನ ಬೆಳಗಿನ ರೌಂಡ್‌ನಲ್ಲಿ ಶಸ್ತ್ರಚಿಕಿತ್ಸಕರು ಕೇಸ್ ಶೀಟಿನಲ್ಲಿ ಒಂದೇ ಸಾಲು ಬರೆದರು: ಬ್ರೇಸ್ ಹಾಕಿ ಎಬ್ಬಿಸಿ.

ಬ್ರೇಸ್ ಎಂದರೆ ಬೆನ್ನನ್ನು ಹೊರಗಿನಿಂದ ಹಿಡಿಯುವ ಕವಚ. ಯಾವ ಬ್ರೇಸ್ ಎಂದು ಆ ಸಾಲಿನಲ್ಲಿ ಇರಲಿಲ್ಲ. ಈ ಬರಹ ಅದರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ: ಇದು ಯಾವುದೋ ಒಬ್ಬ ವ್ಯಕ್ತಿಯ ವೈದ್ಯಕೀಯ ದಾಖಲೆಯಲ್ಲ. ಮೂಳೆ ವಾರ್ಡಿನಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬ ರೋಗಿಯ ಸುತ್ತ ಕೂಡಿಸಿ, ಕಲಿಕೆಗಾಗಿ ಕಟ್ಟಿದ ಪ್ರಕರಣ. ಅಳತೆಗಳು, ಕೋನಗಳು, ದಿನಗಳ ಲೆಕ್ಕ ಆ ಉದ್ದೇಶಕ್ಕೆ ಇಟ್ಟುಕೊಂಡವು. ವರ್ಗೀಕರಣಗಳು ಮತ್ತು ಅಧ್ಯಯನಗಳು ಮಾತ್ರ ನಿಜವಾದವು.

ರೆಡಿಮೇಡ್ ಬ್ರೇಸ್ ಆರಿಸುವಾಗ ಎಲ್ಲರ ಕಣ್ಣೂ ಎಕ್ಸ್-ರೇ ಫಿಲ್ಮಿನ ಮೇಲಿರುತ್ತದೆ. ಯಾವ ಮಟ್ಟದಲ್ಲಿ ಯಾವ ಚಲನೆಯನ್ನು ತಡೆಯಬೇಕು ಎನ್ನುವುದನ್ನು ಫಿಲ್ಮ್ ಹೇಳುತ್ತದೆ, ಅಷ್ಟೇ. ಈ ದೇಹದ ಮೇಲೆ ಆ ಬ್ರೇಸ್ ಜಾಗದಲ್ಲಿ ನಿಲ್ಲುತ್ತದೆಯೇ, ದಿನವೂ ಅದನ್ನು ಹಾಕಿ ಬಿಚ್ಚುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಮಂಚದ ಪಕ್ಕದಲ್ಲಿ. ತಪ್ಪು ಆಯ್ಕೆಗಳಲ್ಲಿ ಹೆಚ್ಚಿನವು ಈ ಎರಡನೇ ಭಾಗದಲ್ಲೇ ಆಗುತ್ತವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಬ್ರೇಸ್ ಬೇಕೇ ಎಂಬ ಪ್ರಶ್ನೆ

2005ರಲ್ಲಿ ಬಂದ ಟಿಎಲ್‌ಐಸಿಎಸ್ ಎಂಬ, ಎದೆ ಮತ್ತು ಸೊಂಟದ ಬೆನ್ನುಮೂಳೆಯ ಪೆಟ್ಟಿನ ತೀವ್ರತೆ ಅಳೆಯುವ ಅಂಕಪದ್ಧತಿಯಲ್ಲಿ ಬರ್ಸ್ಟ್ ಮುರಿತಕ್ಕೆ 2 ಅಂಕ. ನರಗಳಿಗೆ ಪೆಟ್ಟಿಲ್ಲದಿದ್ದರೆ 0, ಹಿಂಬದಿಯ ಅಸ್ಥಿರಜ್ಜುಗಳು ಗಟ್ಟಿಯಿದ್ದರೆ 0. ಒಟ್ಟು 2. ಅಂಕ 3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಶಸ್ತ್ರಚಿಕಿತ್ಸೆ ಇಲ್ಲದ ದಾರಿ, 5 ಅಥವಾ ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆ, 4 ಬಂದರೆ ಎರಡೂ ಒಪ್ಪಿತ. ಹಾಗಾಗಿ ಆಪರೇಷನ್ ಬೇಡ ಎನ್ನುವುದರಲ್ಲಿ ಗೊಂದಲವಿರಲಿಲ್ಲ. ಆದರೆ ಆಪರೇಷನ್ ಬೇಡ ಎಂದಾಕ್ಷಣ ಬ್ರೇಸ್ ಬೇಕೇಬೇಕು ಎಂದು ತೀರ್ಮಾನಿಸಿಬಿಡುವ ಹಳೆಯ ರೂಢಿಯನ್ನು ಒಮ್ಮೆ ನಿಂತು ಪರೀಕ್ಷಿಸಬೇಕು. 1983ರಲ್ಲಿ ಡೆನಿಸ್ ಬೆನ್ನುಮೂಳೆಯನ್ನು ಮುಂದಿನ, ನಡುವಿನ, ಹಿಂದಿನ ಎಂದು ಮೂರು ಕಂಬಗಳಾಗಿ ಕಂಡರು. ಆ ಲೆಕ್ಕದಲ್ಲಿ ಬರ್ಸ್ಟ್ ಮುರಿತ ಎಂದರೆ ಮುಂದಿನ ಮತ್ತು ನಡುವಿನ ಕಂಬಗಳೆರಡಕ್ಕೂ ಪೆಟ್ಟು. ಗಟ್ಟಿ ಬ್ರೇಸ್ ಇಲ್ಲದೆ ಇಂಥವರನ್ನು ನಿಲ್ಲಿಸಬಾರದು ಎಂಬ ಭಾವನೆಗೆ ಆ ಚಿತ್ರವೂ ಒಂದು ಕಾರಣ.

ಆ ಭಾವನೆಯನ್ನು ಅಲುಗಿಸಿದ್ದು 2014ರಲ್ಲಿ ಪ್ರಕಟವಾದ, ಕೆನಡಾದ ಹಲವು ಕೇಂದ್ರಗಳ ಯಾದೃಚ್ಛಿಕ (ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ) ಪ್ರಯೋಗ. ನರಗಳಿಗೆ ಪೆಟ್ಟಾಗದ ಎ3 ಬರ್ಸ್ಟ್ ಮುರಿತದ 96 ರೋಗಿಗಳಲ್ಲಿ ಒಂದು ಗುಂಪಿಗೆ ಟಿಎಲ್‌ಎಸ್‌ಒ ಎಂಬ, ಎದೆಯಿಂದ ಸೊಂಟದವರೆಗೆ ಹಿಡಿಯುವ ಗಟ್ಟಿ ಬ್ರೇಸ್ ಹಾಕಿದರು, ಇನ್ನೊಂದು ಗುಂಪಿಗೆ ಬಾಗಬೇಡಿ ಎಂಬ ಸೂಚನೆ ಕೊಟ್ಟು ಬ್ರೇಸ್ ಇಲ್ಲದೆ ಎಬ್ಬಿಸಿದರು. ಮೂರು ತಿಂಗಳ ಹೊತ್ತಿಗೆ ಎರಡೂ ಗುಂಪುಗಳ ದೈನಂದಿನ ಸಾಮರ್ಥ್ಯ ಸಮಾನವಾಗಿತ್ತು. ಇನ್ನೊಂದು ಕಡೆ, ಮೂಳೆ ಟೊಳ್ಳಾಗಿ ಕಶೇರುಕ ಕುಸಿದ ವಯಸ್ಸಾದ ಮಹಿಳೆಯರ ಮೇಲೆ ಜಪಾನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಟ್ಟಿ ಬ್ರೇಸ್ ಹಾಕಿದವರಿಗೂ ಮೆತ್ತನೆಯ ಬ್ರೇಸ್ ಹಾಕಿದವರಿಗೂ ಕಶೇರುಕದ ಕುಸಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದಕ್ಕೂ ಮೊದಲು, 1999ರಲ್ಲಿ ಬರ್ಲಿನ್ನಿನ ಸಂಶೋಧಕರು ಬೆನ್ನಿನೊಳಗೆ ಕೂರಿಸಿದ ಲೋಹದ ಸಾಧನದ ಮೇಲೆ ಬೀಳುವ ಭಾರವನ್ನು ನೇರವಾಗಿ ಅಳೆದು, ಹೊರಗಿನ ಬ್ರೇಸ್ ಆ ಭಾರವನ್ನು ಇಳಿಸುವುದಿಲ್ಲ ಎಂದು ತೋರಿಸಿದ್ದರು.

ನಮ್ಮ ರೋಗಿ ಈ ಅಧ್ಯಯನಗಳ ನಡುವಿನ ಸಂದಿಯಲ್ಲಿ ನಿಲ್ಲುತ್ತಾರೆ. ಕೆನಡಾದ ಪ್ರಯೋಗ 60 ವರ್ಷದವರೆಗಿನವರದು, ಇವರಿಗೆ 64. ಜಪಾನಿನದು ಕಂಪ್ರೆಷನ್ ಮುರಿತದ್ದು (ಕಶೇರುಕದ ಮುಂಭಾಗ ಮಾತ್ರ ಕುಸಿಯುವಂಥದ್ದು), ಇವರದು ಬರ್ಸ್ಟ್. ಗಿಡ್ಡ ಏಣಿಯಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಮತ್ತು ಕಶೇರುಕ ಎರಡೂ ಮುರಿದಿವೆ ಎಂದರೆ ಮೂಳೆ ಗಟ್ಟಿಯಿಲ್ಲ ಎಂಬ ಸುಳಿವು ಅದರಲ್ಲೇ ಇದೆ. ಜೊತೆಗೆ ಎಲ್1 ಕೂತಿರುವ ಜಾಗವೇ ಕಷ್ಟದ್ದು. ಪಕ್ಕೆಲುಬುಗಳಿಂದ ಬಿಗಿಯಾದ ಎದೆಯ ಬೆನ್ನು ಮುಗಿದು, ಸಡಿಲವಾಗಿ ಬಾಗುವ ಸೊಂಟದ ಬೆನ್ನು ಶುರುವಾಗುವ ಸಂಧಿ ಅದು. ಮುಂದಕ್ಕೆ ಬಾಗಿದಾಗಲೆಲ್ಲ ಬಲ ಅಲ್ಲೇ ಸೇರುತ್ತದೆ.

ತಂಡ ಬ್ರೇಸ್ ಪರ ನಿಂತದ್ದು ಮೂಳೆಯನ್ನು ಹಿಡಿದು ನಿಲ್ಲಿಸುತ್ತದೆ ಎಂಬ ಭರವಸೆಯಿಂದಲ್ಲ. ನೋವಿನಿಂದ ಮಗ್ಗುಲು ಬದಲಿಸಲೂ ಹೆದರುತ್ತಿದ್ದ ಇವರು ಎರಡನೇ ದಿನವೇ ಎದ್ದು ನಿಲ್ಲಬೇಕಿತ್ತು. ಮುಂದಕ್ಕೆ ಬಾಗದಂತೆ ತಡೆದು, ನಿಲ್ಲುವ ಧೈರ್ಯ ಕೊಡುವ ಸಾಧನವಾಗಿ ಅದನ್ನು ಬಳಸುವುದು ಎಂದಾಯಿತು. ಹಾಸಿಗೆಯಲ್ಲೇ ಉಳಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು, ನ್ಯುಮೋನಿಯಾ, ಬೆನ್ನಹುಣ್ಣು, ಮಲಬದ್ಧತೆ ಒಂದರ ಹಿಂದೆ ಒಂದು ಬರುತ್ತವೆ. ಎಬ್ಬಿಸಲು ನೆರವಾಗದ ಬ್ರೇಸ್ ಈ ರೋಗಿಗೆ ಬೇಕಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡೆವು. ಬ್ರೇಸ್‌ನಿಂದಲೇ ಏಳಲಾಗದೆ ಹೋದರೆ ಅದನ್ನು ತೆಗೆದು, ಸೂಚನೆಗಳ ಮೇಲೆಯೇ ಎಬ್ಬಿಸುವುದು ಎರಡನೇ ಯೋಜನೆಯಾಗಿತ್ತು.

ದೇಹ ಏನು ಹೇಳಿತು

ಮಲಗಿದ್ದಾಗ ಟೇಪ್ ಹಿಡಿದು ಅಳೆದದ್ದು: ಎದೆ 98 ಸೆಂ.ಮೀ., ಹೊಟ್ಟೆ 108, ಸೊಂಟದ ಕೆಳಗೆ ಅಗಲವಾದ ಜಾಗದಲ್ಲಿ 110. ಕತ್ತಿನ ಬುಡದಲ್ಲಿ ಎದೆಮೂಳೆಯ ಮೇಲಿನ ಗುಳಿಯಿಂದ ಕಿಬ್ಬೊಟ್ಟೆಯ ಕೆಳಗಿನ ಮೂಳೆಯವರೆಗೆ 48. ಅಳತೆ ಪಟ್ಟಿಯಲ್ಲಿ ಬೆರಳಿಟ್ಟು ಸೈಜ್ ಹೇಳುವುದಾದರೆ ಇಷ್ಟು ಸಾಕು. ಆದರೆ ಮಲಗಿದಾಗ ಹೊಟ್ಟೆ ಎರಡೂ ಬದಿಗೆ ಹರಡಿ ಚಪ್ಪಟೆಯಾಗುತ್ತದೆ, ಕೂತಾಗ ಮುಂದಕ್ಕೆ ಬಂದು ಕೆಳಕ್ಕೆ ಇಳಿಯುತ್ತದೆ. ಎದೆಯಿಂದ ಕಿಬ್ಬೊಟ್ಟೆಯವರೆಗಿನ ದೂರವೂ ಕೂತಾಗ ಕಡಿಮೆಯಾಗುತ್ತದೆ. ಮಲಗಿದ್ದಾಗ ಸರಿಹೊಂದಿದ ಬ್ರೇಸ್ ಕೂತ ಕೂಡಲೇ ಗಂಟಲಿಗೆ ಏರುವುದು ಇದೇ ಕಾರಣಕ್ಕೆ. ಹಾಗಾಗಿ ಮಲಗಿಸಿ ತೆಗೆದ ಅಳತೆಯನ್ನು ತಾತ್ಕಾಲಿಕ ಎಂದೇ ಬರೆದುಕೊಳ್ಳುವುದು ಒಳ್ಳೆಯದು.

ಇನ್ನೊಂದು ಸಂಗತಿಯನ್ನು ಹಲವರು ಮರೆಯುತ್ತಾರೆ. ಎದೆ ಮತ್ತು ಸೊಂಟದ ಸಂಧಿಯಲ್ಲಿ ಮುರಿತವಾದಾಗ ಒಳಗಿನ ರಕ್ತಸ್ರಾವ ಮತ್ತು ನೋವಿನ ಔಷಧಿಗಳಿಂದ ಕರುಳಿನ ಚಲನೆ ಕೆಲವು ದಿನ ನಿಧಾನವಾಗಿ ಹೊಟ್ಟೆ ಉಬ್ಬುವುದುಂಟು. ಇವರಿಗೂ ಸ್ವಲ್ಪ ಉಬ್ಬಿತ್ತು. ಇಂದಿನ ಸುತ್ತಳತೆ ನಾಲ್ಕು ದಿನದ ನಂತರದ್ದಾಗಿರುವುದಿಲ್ಲ. ಅಳತೆ ಬದಲಾಗಬಲ್ಲ ರೋಗಿಗೆ ಸೈಜ್ ಬಿಗಿಯಾಗಿ ನಿಗದಿಯಾದ ಚಿಪ್ಪಿಗಿಂತ ಹಿಗ್ಗಿಸಿ ಕುಗ್ಗಿಸಬಲ್ಲ ಬ್ರೇಸ್ ಮೊದಲ ವಾರದಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಉಳಿದದ್ದು ಕಣ್ಣಿಗೆ ಕಂಡದ್ದು, ಕೇಳಿ ತಿಳಿದದ್ದು. ಮೇಲ್ಬೆನ್ನಿನಲ್ಲಿ ಹಳೆಯ ಗೂನು ಇತ್ತು. ಕೈಯಿಂದ ಒತ್ತಿ ನೋಡಿದರೆ ಅದು ನೇರವಾಗುವಂಥದ್ದಲ್ಲ. ಮಲಗಿದರೆ ಎದೆಯುರಿ, ಹುಳಿತೇಗು. ಆಸ್ತಮಾ ಇದೆ, ಇನ್‌ಹೇಲರ್ ಬಳಸುತ್ತಾರೆ. ಬಲಗೈ ಮೊಣಕೈಯ ಕೆಳಗಿನಿಂದ ಬೆರಳ ಬುಡದವರೆಗೆ ಪ್ಲಾಸ್ಟರಿನಲ್ಲಿ. ಅವರು ಬಲಗೈಯವರೇ. ಮನೆಯಲ್ಲಿ ಇರುವುದು ಪತಿ ಒಬ್ಬರೇ, ಅವರ ಬೆರಳುಗಳ ಗಂಟುಗಳಿಗೂ ಸಂಧಿವಾತ.

ಕೊನೆಯ ಎರಡು ಸಾಲುಗಳೇ ಈ ಆಯ್ಕೆಯನ್ನು ಬಹುಪಾಲು ನಿರ್ಧರಿಸಿದವು.

ಕಪಾಟಿನಲ್ಲಿ ಇದ್ದದ್ದು

ವಾರ್ಡಿನ ಕಪಾಟಿನಲ್ಲಿ ನಾಲ್ಕು ಬಗೆ ಇದ್ದವು. ಒಳಗೆ ಪಟ್ಟಿಗಳಿರುವ ಇಲಾಸ್ಟಿಕ್ ಸೊಂಟದ ಬೆಲ್ಟ್ ಮೊದಲನೆಯದು. ಹಾಕಲು ಸುಲಭ, ಕೆಳಸೊಂಟದ ನೋವಿಗೆ ಸರಿ. ಆದರೆ ಎಲ್1 ಆ ಬೆಲ್ಟಿನ ಮೇಲಂಚಿನ ಹತ್ತಿರಕ್ಕೆ ಬರುತ್ತದೆ. ಮುರಿದ ಜಾಗದ ಮೇಲೂ ಕೆಳಗೂ ಸಾಕಷ್ಟು ಉದ್ದಕ್ಕೆ ಹಿಡಿತವಿದ್ದರೆ ಮಾತ್ರ ನಡುವಿನ ಚಲನೆ ತಗ್ಗುತ್ತದೆ. ಇಲ್ಲಿ ಮೇಲಿನ ಹಿಡಿತವೇ ಇಲ್ಲ. ಅದನ್ನು ಬದಿಗಿಟ್ಟೆವು.

ಎರಡನೆಯದು ಟೇಲರ್ ಬ್ರೇಸ್. ಬೆನ್ನಿನುದ್ದಕ್ಕೂ ಎರಡು ಪಟ್ಟಿ, ಮುಂದೆ ಹೊಟ್ಟೆಗೆ ಬಟ್ಟೆಯ ಕವಚ, ಕಂಕುಳ ಸುತ್ತ ಬರುವ ಭುಜದ ಸ್ಟ್ರಾಪ್‌ಗಳು. 1863ರಲ್ಲಿ ಬೆನ್ನಿನ ಕ್ಷಯರೋಗಕ್ಕೆಂದು ಹುಟ್ಟಿದ ಈ ವಿನ್ಯಾಸ ಇಂದಿಗೂ ಉಳಿದಿದೆ ಎಂದರೆ ಅದಕ್ಕೊಂದು ಗುಣ ಇದೆ: ಭುಜಗಳನ್ನು ಹಿಂದಕ್ಕೆಳೆದು ಎದೆಯ ಬೆನ್ನು ಬಾಗುವುದನ್ನು ತಗ್ಗಿಸುತ್ತದೆ. ಆದರೆ ಸೊಂಟದ ಮೇಲ್ಭಾಗದಲ್ಲಿ ಹಿಡಿತ ಸಡಿಲ. ಕಂಕುಳಲ್ಲಿ ಸ್ಟ್ರಾಪ್ ಕೊರೆಯುತ್ತದೆ ಎಂದು ರೋಗಿಗಳು ಅದನ್ನು ಸಡಿಲಿಸುತ್ತಾರೆ, ಸಡಿಲಿಸಿದ ಮೇಲೆ ಅದು ಏನನ್ನೂ ತಡೆಯುವುದಿಲ್ಲ. ಬಕಲ್‌ಗಳನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಬೇಕು. ಇವರಿಗೆ ಅದು ಆಗದ ಮಾತು.

ಮೂರನೆಯದು ಮೂರು ಬಿಂದುಗಳ ಒತ್ತಡದಿಂದ ಕೆಲಸ ಮಾಡುವ ಜ್ಯೂಯೆಟ್ ಮಾದರಿಯ ಚೌಕಟ್ಟು. 1937ರಲ್ಲಿ ಮೊದಲು ವಿವರಿಸಿದ ಈ ಬ್ರೇಸ್‌ನ ಯೋಚನೆ ಸರಳ ಮತ್ತು ಜಾಣತನದ್ದು: ಮುಂದೆ ಎದೆಮೂಳೆಯ ಮೇಲೊಂದು ಪ್ಯಾಡ್, ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಮೇಲೊಂದು ಪ್ಯಾಡ್, ಇವೆರಡಕ್ಕೆ ಎದುರಾಗಿ ಹಿಂದೆ ಬೆನ್ನಿನ ಮೇಲೊಂದು. ಮುಂದಕ್ಕೆ ಬಾಗಲು ಹೋದರೆ ಈ ಮೂರೂ ಸೇರಿ ತಡೆಯುತ್ತವೆ. ಹೊಟ್ಟೆ ತೆರೆದಿರುತ್ತದೆ, ಸೆಕೆ ಕಡಿಮೆ, ತೂಕ ಕಡಿಮೆ. ಕಶೇರುಕದ ಮುಂಭಾಗ ಮಾತ್ರ ಕುಸಿದ ಸರಳ ಕಂಪ್ರೆಷನ್ ಮುರಿತ, ವಯಸ್ಸು ಕಡಿಮೆ, ಮೈ ತೆಳು ಎಂದಾದರೆ ನಾನು ಮೊದಲು ಕೈ ಚಾಚುವುದು ಇದಕ್ಕೇ. ಆದರೆ ಇದು ತಿರುಚುವುದನ್ನೂ ಪಕ್ಕಕ್ಕೆ ವಾಲುವುದನ್ನೂ ಹೆಚ್ಚು ತಡೆಯದು. ನಡುವಿನ ಕಂಬಕ್ಕೂ ಪೆಟ್ಟು ಬಿದ್ದಿರುವ ಬರ್ಸ್ಟ್ ಮುರಿತದಲ್ಲಿ ಅದು ಕೊರತೆಯೇ.

ನಾಲ್ಕನೆಯದು ಬಿಡಿಭಾಗಗಳನ್ನು ಜೋಡಿಸುವ ರೆಡಿಮೇಡ್ ಟಿಎಲ್‌ಎಸ್‌ಒ. ಬೆನ್ನಿಗೆ ಗಟ್ಟಿ ಹಲಗೆ, ಹೊಟ್ಟೆಗೆ ಒಂದು ಗಟ್ಟಿ ಫಲಕ, ಅದರಿಂದ ಮೇಲಕ್ಕೇರಿ ಎದೆಮೂಳೆಯ ಪ್ಯಾಡ್ ಹೊರುವ ಕಂಬಿ, ಬದಿಯಲ್ಲಿ ರಾಟೆ ಮತ್ತು ದಾರದಿಂದ ಬಿಗಿಯಾಗುವ ವ್ಯವಸ್ಥೆ. ದಾರದ ಹಿಡಿಯನ್ನು ಎಳೆದರೆ ಕಡಿಮೆ ಬಲಕ್ಕೇ ಬೆಲ್ಟ್ ಬಿಗಿಯುತ್ತದೆ.

ರೋಗಿಯ ಅಳತೆಗೆಂದೇ ಅಚ್ಚು ತೆಗೆದು ಮಾಡುವ ಪ್ಲಾಸ್ಟಿಕ್ ಚಿಪ್ಪು ಐದನೇ ಆಯ್ಕೆ. ಸುತ್ತ ಮೈಗೆ ಅಂಟಿ ಕೂರುವ ಕಾರಣ ತಿರುಚುವಿಕೆಯನ್ನು ತಡೆಯುವುದರಲ್ಲಿ ಅದೇ ಮುಂದು. ಆದರೆ ಅಚ್ಚು ತೆಗೆದು, ಮಾಡಿ, ತಂದು ಹಾಕುವವರೆಗೆ ಇವರು ಮಲಗಿಯೇ ಇರಬೇಕು. ಹೊಟ್ಟೆ ಉಬ್ಬಿರುವಾಗ ತೆಗೆದ ಅಚ್ಚು ವಾರದೊಳಗೆ ಸಡಿಲವಾಗಲೂಬಹುದು. ಬೆನ್ನು ಪಕ್ಕಕ್ಕೆ ತೀರಾ ಬಾಗಿದ್ದರೆ, ಹೊಟ್ಟೆಯ ಮೇಲೆ ಮಲದ ಚೀಲವೋ ಆಹಾರದ ನಳಿಕೆಯೋ ಇದ್ದರೆ, ದೇಹ ರೆಡಿಮೇಡ್ ಸೈಜ್‌ಗಳ ಆಚೆಗಿದ್ದರೆ, ಮುರಿತ ಹೆಚ್ಚು ಅಸ್ಥಿರವಾಗಿದ್ದೂ ಆಪರೇಷನ್ ಮಾಡಲಾಗದಿದ್ದರೆ ಕಾಯುವುದು ಸರಿ. ಇಲ್ಲಿ ಅಂಥ ಕಾರಣ ಇರಲಿಲ್ಲ.

ಕೂರಿಸಿ ನೋಡಿದ್ದು

ತಂಡದಲ್ಲಿ ಒಮ್ಮತವಿರಲಿಲ್ಲ. ಆಸ್ತಮಾ ಮತ್ತು ಎದೆಯುರಿ ಇರುವಾಗ ಹೊಟ್ಟೆಯನ್ನು ಬಿಗಿಯುವ ಟಿಎಲ್‌ಎಸ್‌ಒ ಬೇಡ, ಹೊಟ್ಟೆ ತೆರೆದಿರುವ ಮೂರು ಬಿಂದುಗಳ ಚೌಕಟ್ಟು ಒಳ್ಳೆಯದು ಎಂಬುದು ಕರ್ತವ್ಯದಲ್ಲಿದ್ದ ವೈದ್ಯರ ವಾದ. ಅದರಲ್ಲಿ ಹುರುಳಿತ್ತು. ಮಾತಿನಲ್ಲೇ ತೀರ್ಮಾನಿಸುವ ಬದಲು ಹಾಕಿ ನೋಡುವುದೆಂದು ಒಪ್ಪಿದೆವು.

ಮೈ ತಿರುಚದಂತೆ ಭುಜ ಮತ್ತು ಸೊಂಟವನ್ನು ಒಟ್ಟಿಗೇ ಹೊರಳಿಸಿ, ಮಲಗಿದ್ದಂತೆಯೇ ಚೌಕಟ್ಟನ್ನು ಹಾಕಿದೆವು. ಮಲಗಿದಾಗ ಚೆನ್ನಾಗಿಯೇ ಕೂತಿತು. ಮಂಚದ ಅಂಚಿನಲ್ಲಿ ಕೂರಿಸಿದ ಕೂಡಲೇ ಹೊಟ್ಟೆ ಕೆಳಗಿಳಿದು ಕೆಳಗಿನ ಪ್ಯಾಡನ್ನು ತೊಡೆಗಳ ಕಡೆಗೆ ತಳ್ಳಿತು, ತೊಡೆಗಳು ಅದನ್ನು ಮೇಲಕ್ಕೆ ತಳ್ಳಿದವು, ಎದೆಯ ಪ್ಯಾಡ್ ಗಂಟಲಿನ ಗುಳಿಗೆ ಬಂತು. ಉಗುಳು ನುಂಗಲೂ ಕಷ್ಟವಾಗಿ ಅವರು ಕೆಮ್ಮತೊಡಗಿದರು. ಗೂನು ಇದ್ದದ್ದರಿಂದ ಬೆನ್ನ ಪ್ಯಾಡ್ ಮುರಿದ ಮಟ್ಟದಲ್ಲಿ ತಾಗದೆ ಮೇಲೆ ಗೂನಿನ ತುದಿಯನ್ನೇ ಒತ್ತುತ್ತಿತ್ತು. ನೇರವಾಗದ ಗೂನನ್ನು ಹಿಂದಕ್ಕೆ ಬಗ್ಗಿಸಲು ಹೋದರೆ ಬಲ ಬೇರೆಲ್ಲೋ ಬೀಳುತ್ತದೆ, ಟೊಳ್ಳು ಮೂಳೆಯಲ್ಲಿ ಅದು ಒಳ್ಳೆಯದಲ್ಲ. ಮತ್ತೆ ಮಲಗಿಸಿ ಬಿಚ್ಚಿದೆವು. ಯಾರೂ ವಾದ ಮುಂದುವರಿಸಲಿಲ್ಲ.

ಟಿಎಲ್‌ಎಸ್‌ಒ ಹಾಕುವಾಗ ಕ್ರಮ ಮುಖ್ಯ. ಒಳಗೆ ಹೊಲಿಗೆಯಿಲ್ಲದ, ಸುಕ್ಕಿಲ್ಲದ ಹತ್ತಿಯ ಬನಿಯನ್. ಬೆನ್ನ ಹಲಗೆಯನ್ನು ಮೊದಲು ಕೂರಿಸಿ, ಅದರ ನಡು ಬೆನ್ನುಮೂಳೆಯ ನೇರಕ್ಕೆ ಬಂತೇ ಎಂದು ನೋಡಬೇಕು. ಇವರ ಗೂನಿಗೆ ಹಲಗೆಯ ಮೇಲ್ಭಾಗವನ್ನು ಬಗ್ಗಿಸಿಕೊಂಡೆವು: ಬೆನ್ನನ್ನು ಹಲಗೆಯ ಆಕಾರಕ್ಕೆ ತರುವುದಲ್ಲ, ಹಲಗೆಯನ್ನು ಬೆನ್ನಿನ ಆಕಾರಕ್ಕೆ ತರುವುದು. ಆಮೇಲೆ ಮುಂದಿನ ಫಲಕ. ಬಿಗಿಯುವುದು ಕೆಳಗಿನಿಂದ ಮೇಲಕ್ಕೆ. ಸೊಂಟದ ಮೂಳೆಯ ಮೇಲೆ ಬ್ರೇಸ್ ಮೊದಲು ಗಟ್ಟಿಯಾಗಿ ನಿಂತರೆ ಮಾತ್ರ ಉಳಿದದ್ದು ಮೇಲೇರುವುದಿಲ್ಲ. ಮೇಲಿನದನ್ನು ಮೊದಲು ಬಿಗಿದರೆ ಇಡೀ ಬ್ರೇಸ್ ಕಂಕುಳಿಗೆ ಹೋಗುತ್ತದೆ, ಅದನ್ನು ಕಂಡವರು ಸೈಜ್ ದೊಡ್ಡದಾಯಿತು ಎಂದುಕೊಳ್ಳುತ್ತಾರೆ.

ಕೂರಿಸಿದ ಮೇಲೆ ಮತ್ತೆ ನೋಡಿದೆವು. ಎದೆಯ ಪ್ಯಾಡಿನ ಮೇಲಂಚು ಕತ್ತಿನ ಗುಳಿಯಿಂದ ಎರಡು ಬೆರಳಿನಷ್ಟು ಕೆಳಗೆ. ಮುಂದಿನ ಫಲಕದ ಕೆಳಂಚು ತೊಡೆಗೆ ತಗಲದಷ್ಟು ಮೇಲೆ. ಸೊಂಟದ ಮುಂದಿನ ಎಲುಬು ತುದಿಗಳ ಮೇಲೆ ನೇರ ಒತ್ತಡ ಇಲ್ಲ. ಕಂಬಿಯನ್ನು ಎರಡು ತೂತು ಇಳಿಸಬೇಕಾಯಿತು. ಒಂದು ಇಡೀ ವಾಕ್ಯವನ್ನು ತಡೆಯಿಲ್ಲದೆ ಹೇಳಿಸಿದೆವು, ಆಮ್ಲಜನಕದ ಮಟ್ಟ ಮೊದಲಿನಷ್ಟೇ ಇತ್ತು. ಆದರೂ "ಹೊಟ್ಟೆ ಹಿಡಿದ ಹಾಗೆ ಆಗ್ತಿದೆ, ಸ್ವಲ್ಪ ಸಡಿಲ ಮಾಡಿ" ಎಂದರು. ಹೊಟ್ಟೆಯ ಫಲಕವನ್ನು ಒಂದು ಹಂತ ಸಡಿಲಿಸಿ, ಸೊಂಟದ ಕೆಳಪಟ್ಟಿಯನ್ನು ಹಾಗೇ ಉಳಿಸಿದೆವು. ಊಟವಾದ ಮೇಲೆ ಸ್ವಲ್ಪ ಹೊತ್ತು ಮೇಲಿನ ದಾರವನ್ನಷ್ಟೇ ಸಡಿಲಿಸಿ ನೇರ ಕೂರುವುದಕ್ಕೆ ಶಸ್ತ್ರಚಿಕಿತ್ಸಕರಿಂದ ಅನುಮತಿ ಪಡೆದು ಬರೆಸಿಕೊಂಡೆವು. ಇಂಥ ಸಣ್ಣ ವಿನಾಯಿತಿಯನ್ನು ನಾವೇ ಕೊಡದಿದ್ದರೆ ರೋಗಿ ತಾನೇ ತೆಗೆದುಕೊಳ್ಳುತ್ತಾರೆ, ಆಗ ಬಿಚ್ಚುವುದು ಇಡೀ ಬ್ರೇಸ್.

ನಿಲ್ಲಿಸಿ ತೆಗೆದ ಎಕ್ಸ್-ರೇ

ಬ್ರೇಸ್ ಹಾಕಿದ್ದಾಯಿತು ಎಂದು ಮನೆಗೆ ಕಳಿಸುವ ಮೊದಲು, ಅದೇ ಬ್ರೇಸ್‌ನಲ್ಲಿ ನಿಲ್ಲಿಸಿ ಎಕ್ಸ್-ರೇ ತೆಗೆಯಲೇಬೇಕು. ಮಲಗಿದ ಬೆನ್ನಿನ ಮೇಲೆ ದೇಹದ ಭಾರ ಇರುವುದಿಲ್ಲ, ಸಿಟಿಯೂ ಎಂಆರ್‌ಐಯೂ ಮಲಗಿಸಿಯೇ ತೆಗೆದವು. ಮಲಗಿದಾಗ ಸ್ಥಿರವೆಂದು ಕಂಡ ಮುರಿತ ನಿಂತಾಗ ಕುಸಿದು, ಚಿಕಿತ್ಸೆಯ ದಾರಿಯೇ ಬದಲಾಗುವುದಿದೆ. ಈ ಪರೀಕ್ಷೆಯನ್ನು ಬಿಟ್ಟು ಬ್ರೇಸ್ ಚೆನ್ನಾಗಿದೆ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ ಎಂದೇ ನಾನು ಹೇಳುತ್ತೇನೆ.

ಮಲಗಿದ್ದಾಗ ಮುರಿದ ಜಾಗದ ಬಾಗು 9 ಡಿಗ್ರಿ ಇತ್ತು. ಬ್ರೇಸ್ ಹಾಕಿ ನಿಂತಾಗ 13. ಮುಂಭಾಗದ ಎತ್ತರ ಸುಮಾರು ಮೂರರಲ್ಲೊಂದು ಭಾಗ ಕಡಿಮೆಯಾಗಿತ್ತು. ಬಾಗು 30 ಡಿಗ್ರಿ ದಾಟಿದರೆ ಅಥವಾ ಎತ್ತರ ಅರ್ಧಕ್ಕಿಂತ ಹೆಚ್ಚು ಕುಸಿದರೆ ಅಸ್ಥಿರ ಎಂದು ಎಣಿಸುವ ಬಹುಕಾಲದ ಅಳತೆಗೋಲಿದೆ. ಅದರ ಬಗ್ಗೆ ಭಿನ್ನಮತವೂ ಇದೆ. ಇಲ್ಲಿ ಎರಡೂ ಆ ಗಡಿಯಿಂದ ದೂರವಿದ್ದವು. ನಿಂತ ಮೇಲೂ ಕಾಲಿನ ಬಲ, ಸ್ಪರ್ಶ ಬದಲಾಗಲಿಲ್ಲ. ನಾಲ್ಕು ಡಿಗ್ರಿ ಹೆಚ್ಚಿದ್ದನ್ನು ಕೇಸ್ ಶೀಟಿನಲ್ಲಿ ದಪ್ಪಕ್ಷರದಲ್ಲಿ ಬರೆದೆವು, ಏಕೆಂದರೆ ಮುಂದಿನ ಎಲ್ಲ ಫಿಲ್ಮುಗಳನ್ನು ಹೋಲಿಸಬೇಕಾದದ್ದು ಈ 13ರ ಜೊತೆ, ಮಲಗಿದಾಗಿನ 9ರ ಜೊತೆಯಲ್ಲ.

ಎಕ್ಸ್-ರೇಯಲ್ಲಿ ಬ್ರೇಸ್‌ನ ಲೋಹದ ಭಾಗ ಮುರಿದ ಜಾಗವನ್ನು ಮುಚ್ಚದಂತಿರುವುದೂ ಆಯ್ಕೆಯ ಒಂದು ಗುಣ. ಈ ಬ್ರೇಸ್‌ನಲ್ಲಿ ಆ ತೊಂದರೆ ಬರಲಿಲ್ಲ.

ಆದೇಶ, ಕೈ, ಚರ್ಮ

"ಬ್ರೇಸ್ ಹಾಕಿ ಎಬ್ಬಿಸಿ" ಎಂಬ ಸಾಲಿನಿಂದ ರಾತ್ರಿ ಪಾಳಿಯ ನರ್ಸ್‌ಗೆ ಏನೂ ತಿಳಿಯುವುದಿಲ್ಲ. ಮೂತ್ರಕ್ಕೆ ಏಳುವಾಗ ಬೇಕೇ? ತಲೆಯ ಕಡೆ ಮಂಚ ಎಷ್ಟು ಎತ್ತಬಹುದು? ಕೂತು ಹಾಕಬಹುದೇ, ಮಲಗಿಯೇ ಹಾಕಬೇಕೇ? ಸ್ನಾನ? ರಾತ್ರಿ? ಉತ್ತರ ಇಲ್ಲದಿದ್ದರೆ ಪ್ರತಿ ಪಾಳಿಯೂ ತನಗೆ ತೋಚಿದ್ದನ್ನು ಮಾಡುತ್ತದೆ. ಹಾಗಾಗಿ ಆದೇಶವನ್ನು ಮತ್ತೆ ಬರೆಸಿದೆವು: ತಲೆ 30 ಡಿಗ್ರಿಗಿಂತ ಮೇಲೆ ಎತ್ತುವಾಗ, ಕೂರುವಾಗ, ನಿಲ್ಲುವಾಗ, ನಡೆಯುವಾಗ ಬ್ರೇಸ್ ಇರಬೇಕು. ಮಲಗಿದಾಗ ಬೇಡ. ಮಲಗಿಯೇ ಹಾಕಬೇಕು, ಮಲಗಿಯೇ ಬಿಚ್ಚಬೇಕು. ಮುಂದಿನ ಭೇಟಿಯವರೆಗೆ ಸ್ನಾನದ ಬದಲು ಹಾಸಿಗೆಯಲ್ಲೇ ಮೈ ಒರೆಸುವುದು.

ಕೈಯ ಸಮಸ್ಯೆ ಉಳಿದಿತ್ತು. ರಾಟೆಯ ದಾರಗಳ ಎರಡು ಹಿಡಿಗಳಲ್ಲಿ ಒಂದನ್ನು ಎಡಗೈಯಿಂದ ಎಳೆಯುವುದು ಅವರಿಗೆ ಸುಲಭವಾಯಿತು. ಇನ್ನೊಂದಕ್ಕೆ ಪ್ಲಾಸ್ಟರಿನಿಂದ ಹೊರಬಂದ ಬೆರಳುಗಳನ್ನು ಸಿಕ್ಕಿಸುವುದು ಮೂಳೆಗೂ ಒಳ್ಳೆಯದಲ್ಲ, ಬೆರಳಿಗೂ ಒಳ್ಳೆಯದಲ್ಲ. ಆ ಹಿಡಿಗೆ ಅಗಲವಾದ ಬಟ್ಟೆಯ ಬಳೆಯೊಂದನ್ನು ಹೊಲಿದು ಸೇರಿಸಿ, ಅದನ್ನು ಎಳೆಯುವ ಕೆಲಸವನ್ನು ಪತಿಗೆ ಬಿಟ್ಟೆವು. ಸಂಧಿವಾತದ ಬೆರಳುಗಳಿಂದ ವೆಲ್ಕ್ರೋ ಕೀಳುವುದು ಅವರಿಗೆ ಕಷ್ಟ, ಬಳೆಯೊಳಗೆ ಇಡೀ ಅಂಗೈ ತೂರಿಸಿ ಎಳೆಯುವುದು ಆಯಿತು. ಪ್ರತಿ ಪಟ್ಟಿಯ ಮೇಲೆ ಎಲ್ಲಿಯವರೆಗೆ ಎಳೆಯಬೇಕೋ ಅಲ್ಲಿ ಮಾರ್ಕರ್ ಗೆರೆ ಹಾಕಿದೆವು. ಹೊಟ್ಟೆಯ ಉಬ್ಬು ಇಳಿದಾಗ ಗೆರೆ ಬದಲಾಗಬೇಕು ಎಂದೂ ಹೇಳಿಕೊಟ್ಟೆವು. ಹಾಕಿ ತೋರಿಸಿದ್ದು ಸಾಲದು. ಇಬ್ಬರೂ ನಮ್ಮೆದುರು ತಾವೇ ಹಾಕಿ ಬಿಚ್ಚುವವರೆಗೆ ಡಿಸ್ಚಾರ್ಜ್ ಮಾಡಲಿಲ್ಲ. ಮೊದಲ ಸಲ ಪತಿ ಮೇಲಿನ ದಾರವನ್ನೇ ಮೊದಲು ಎಳೆದರು. ಎಲ್ಲರೂ ಎಳೆಯುವುದು ಅದನ್ನೇ, ಕಣ್ಣಿಗೆ ಮೊದಲು ಬೀಳುವುದು ಅದು. ಕೆಳಗಿನ ದಾರದ ಹಿಡಿಗೆ ಕೆಂಪು ದಾರ ಕಟ್ಟಿ "ಇದು ಮೊದಲು, ಸಾರ್" ಎಂದು ನರ್ಸ್ ತೋರಿಸಿದ ಮೇಲೆ ಅದು ಸರಿಹೋಯಿತು.

ಮೂರನೇ ದಿನ ಬ್ರೇಸ್ ಬಿಚ್ಚಿದಾಗ ಗೂನಿನ ತುದಿಯಲ್ಲಿ ನಾಣ್ಯದಗಲ ಕೆಂಪು ಕಂಡಿತು. ಬಿಚ್ಚಿ ಅರ್ಧ ಗಂಟೆಯಾದರೂ ಮಾಯವಾಗಲಿಲ್ಲ. ತಾನೇ ಹೋಗುವ ಕೆಂಪು ಸಾಮಾನ್ಯ, ಉಳಿಯುವ ಕೆಂಪು ಹುಣ್ಣಿನ ಮುನ್ಸೂಚನೆ. ಆ ಬಿಂದುವಿನ ಮೇಲೆಯೇ ಮೆತ್ತೆ ಅಂಟಿಸಿದರೆ ಒತ್ತಡ ಇನ್ನೂ ಹೆಚ್ಚುತ್ತದೆ. ಅದರ ಎರಡೂ ಬದಿಗೆ ಮೆತ್ತೆ ಇಟ್ಟು ನಡುವೆ ಜಾಗ ಬಿಡಬೇಕು. ಹಾಗೇ ಮಾಡಿ, ಹಲಗೆಯನ್ನು ಇನ್ನಷ್ಟು ಬಗ್ಗಿಸಿದೆವು. ಮರುದಿನದ ಹೊತ್ತಿಗೆ ಕೆಂಪು ಇಳಿದಿತ್ತು. ಇವರಿಗೆ ಸ್ಪರ್ಶಜ್ಞಾನ ಚೆನ್ನಾಗಿದ್ದರೂ ಬೆನ್ನ ನೋವಿನ ನಡುವೆ ಈ ನೋವು ಬೇರೆಯಾಗಿ ತಿಳಿದಿರಲಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶವೇ ಇಲ್ಲದವರಲ್ಲಿ ಚರ್ಮವನ್ನು ಕಣ್ಣಿಂದ ನೋಡದೆ ಬೇರೆ ದಾರಿಯೇ ಇಲ್ಲ.

ಮನೆಗೆ ಹೋಗುವಾಗ ಬರೆದುಕೊಟ್ಟ ಎಚ್ಚರಿಕೆಗಳಲ್ಲಿ ಬ್ರೇಸ್‌ಗೆ ಸಂಬಂಧವಿಲ್ಲದ್ದೇ ಮೊದಲಿತ್ತು: ಕಾಲು ಸೋತರೆ, ಗುಪ್ತಾಂಗದ ಸುತ್ತ ಜೋಮು ಬಂದರೆ, ಮೂತ್ರ ಕಟ್ಟಿದರೆ ಮುಂದಿನ ಭೇಟಿಗೆ ಕಾಯದೆ ತಕ್ಷಣ ಬರಬೇಕು.

ಆಮೇಲೆ

ಎರಡನೇ ವಾರದ ಫಿಲ್ಮಿನಲ್ಲಿ ಬಾಗು 14, ಆರನೇ ವಾರ 15, ಹನ್ನೆರಡನೇ ವಾರವೂ 15. ನರಗಳ ಸ್ಥಿತಿ ಮೊದಲಿನಂತೆಯೇ ಇತ್ತು. ಆರನೇ ವಾರ ಪ್ಲಾಸ್ಟರ್ ತೆಗೆದ ಮೇಲೆ ಬ್ರೇಸ್ ಹಾಕುವುದು ಅವರಿಗೇ ಸಾಧ್ಯವಾಯಿತು. ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಮತ್ತು ಮೂಳೆಯ ಔಷಧಿಯ ವಿಚಾರವನ್ನು ಆಸ್ಪತ್ರೆಯಲ್ಲಿದ್ದಾಗಲೇ ಎತ್ತಿದ್ದೆವು. ಇಂಥ ಮುರಿತದ ಹಿಂದೆ ಇನ್ನೊಂದು ಮುರಿತ ಬರುವ ಅಪಾಯ ಹೆಚ್ಚು, ಅದನ್ನು ಯಾವ ಬ್ರೇಸೂ ತಡೆಯದು.

ಈ ಪ್ರಕರಣದ ನಂತರ ಕಪಾಟಿನ ವಿಷಯಕ್ಕೂ ಚರ್ಚೆ ಬಂತು. ಎಲ್ಲರಿಗೂ ಒಂದೇ ಮಾದರಿ ತರಿಸಿದರೆ ಲೆಕ್ಕ ಸುಲಭ ಎಂಬ ಅಭಿಪ್ರಾಯ ಖರೀದಿ ವಿಭಾಗದಲ್ಲಿ ಇತ್ತು. ಬಿಡಿಭಾಗಗಳ ಟಿಎಲ್‌ಎಸ್‌ಒವನ್ನು ಮುಖ್ಯವಾಗಿಟ್ಟು, ತೆಳು ಮೈಯ ಕಿರಿಯ ರೋಗಿಗಳಿಗಾಗಿ ಮೂರು ಬಿಂದುಗಳ ಚೌಕಟ್ಟನ್ನು ಎರಡು ಸೈಜ್‌ನಲ್ಲಿ ಉಳಿಸಿಕೊಳ್ಳಬೇಕು ಎಂದು ನಾವು ವಾದಿಸಿದೆವು. ದೊಡ್ಡ ಹೊಟ್ಟೆಗೆ ಬೇಕಾಗುವ ಬೆಲ್ಟ್‌ನ ಹೆಚ್ಚುವರಿ ತುಂಡು, ತೊಳೆಯಲು ಬದಲಿ ಒಳಪದರ, ಎರಡೂ ರಾತ್ರಿ ಮತ್ತು ರಜಾದಿನಗಳಲ್ಲೂ ಕೈಗೆ ಸಿಗಬೇಕು. ಶುಕ್ರವಾರ ಸಂಜೆ ಬಂದ ರೋಗಿ ಬೀಗ ಹಾಕಿದ ಕಪಾಟಿನ ಕಾರಣಕ್ಕೆ ಸೋಮವಾರದವರೆಗೆ ಮಲಗಿರುವುದು ಸರಿಯಲ್ಲ. ಹೊಸ ಮಾದರಿ ತರಿಸುವ ಮೊದಲು ಅದನ್ನು ಒಂದೇ ಕೈಯಲ್ಲಿ ಬಿಗಿಯಲು ಆಗುತ್ತದೆಯೇ ಎಂದು ಸಿಬ್ಬಂದಿಯೇ ಹಾಕಿ ನೋಡುವುದನ್ನೂ ಸೇರಿಸಿದೆವು.

ಹನ್ನೆರಡನೇ ವಾರ ಬ್ರೇಸ್ ಬಿಡಬಹುದು ಎಂದಾಗ ಅವರು ಒಪ್ಪಲಿಲ್ಲ. "ಇದಿಲ್ಲದೆ ನಿಂತರೆ ಬೆನ್ನು ಕಳಚಿ ಬೀಳುತ್ತೆ ಅನ್ಸುತ್ತೆ, ಡಾಕ್ಟ್ರೇ" ಎಂದರು. ಆ ಹೆದರಿಕೆ ಸಹಜ, ಅದಕ್ಕೆ ಸಮಯ ಕೊಡಬೇಕು. ಬಿಡಿಭಾಗಗಳ ಬ್ರೇಸ್‌ನ ಇನ್ನೊಂದು ಅನುಕೂಲ ಇಲ್ಲಿ ಒದಗಿತು: ಎದೆಯ ಕಂಬಿಯನ್ನು ಕಳಚಿ ಕೆಳಗಿನ ಭಾಗವನ್ನಷ್ಟೇ ಎರಡು ವಾರ ಉಳಿಸಿದೆವು. ಜೊತೆಗೆ ಫಿಸಿಯೋಥೆರಪಿಸ್ಟ್ ಬೆನ್ನಿನ ಸ್ನಾಯುಗಳ ವ್ಯಾಯಾಮವನ್ನು ದಿನದಿಂದ ದಿನಕ್ಕೆ ಹೆಚ್ಚಿಸಿದರು. ಆಮೇಲೆ ಮನೆಯೊಳಗೆ ಬ್ರೇಸ್ ಇಲ್ಲದೆ, ಹೊರಗೆ ಹೋಗುವಾಗ ಮಾತ್ರ ಹಾಕಿಕೊಂಡು ಒಂದು ವಾರ. ನಂತರದ ಭೇಟಿಗೆ ಅವರು ಬ್ರೇಸ್ ಇಲ್ಲದೆ ಬಂದರು. ನಿಲ್ಲಿಸಿ ತೆಗೆದ ಫಿಲ್ಮಿನಲ್ಲಿ ಬಾಗು 15 ಡಿಗ್ರಿಯೇ ಇತ್ತು. ಮುಂದಿನ ಎಕ್ಸ್-ರೇಗೆ ಮೂರು ತಿಂಗಳ ದಿನಾಂಕ ಬರೆದುಕೊಟ್ಟೆವು.